ಸ್ವಿಟ್ಜರ್ಲೆಂಡಿನಿಂದ ನಾನೇ ಬರೆದ ಕಾರ್ಡು

ಲಕ್ಷ್ಮೇಶ್ವರದಲ್ಲಿ ಗೆಳೆಯ ಇಮಾಮಸಾಬನ ಬಡಗಿ ಅಂಗಡಿಯಲ್ಲಿ ನಾನು ಚಹಾ ಕುಡಿಯುತ್ತಾ ಕೂತಿದ್ದಾಗಲೇ, ಸ್ವಿಟ್ಜರ್ಲೆಂಡಿನಿಂದ ನಾನು ಬರೆದ ಕಾರ್ಡನ್ನು ಪೋಸ್ಟಮನ್ ಅವನ ಕೈಗಿಟ್ಟ. ಗುಡಿ ನೋಡಲು ಬಂದಿದ್ದ ಆ ದೇಶದ ಹೆಣ್ಣುಮಗಳೊಬ್ಬಳಿಗೆ ಕಾರ್ಡು ಬರೆದುಕೊಟ್ಟು, ನಿಮ್ಮೂರಲ್ಲಿ ಡಬ್ಬಿಗೆ ಹಾಕವ್ವ ಎಂದು ಕೈಸನ್ನೆ ಮಾಡಿ ಕಳಿಸಿದವನು ನಾನೇ. ಇಂಥ ತಲೆ ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬರಿಗಿಲ್ಲ!

ಇಮಾಮಸಾಬ ಗಟ್ಟಿಯಾಗಿ ಓದಿದ: "ದೋಸ್ತ, ನಾ ಇಲ್ಲಿ ಆರಾಮ ಅದೀನಿ. ಬರುವಾಗ ನಿನಗೊಂದು ಕೈಗಡಿಯಾರ ತರತೀನಿ."

ಅವನು ಬೆಚ್ಚಿಬೀಳುತ್ತಾನೆಂದು ನಗು ತಡೆದುಕೊಂಡು ಕಾದೆ. ಅವನು ಸುಮ್ಮನೆ ಕೈ ಚಾಚಿದ.

"ಬಂದಿಯಲ್ಲ, ತಾ ಗಡಿಯಾರ!"

"ಲೇ, ನಾ ಊರು ಬಿಟ್ಟೇ ಇಲ್ಲ. ಚ್ಯಾಷ್ಟಿ ಮಾಡೇನಿ."

"ನಿನ್ನ ಮಾತು ಯಾರು ನಂಬತಾರ? ಇಲ್ಲಿ ನೋಡು, ಕಾರ್ಡಿನ ಮ್ಯಾಲೆ ಆ ದೇಶದ ಪೋಸ್ಟಿನ ಶಿಕ್ಕಾ ಐತಿ. ಎರಡೂ ದೇಶದ ಪೋಸ್ಟಿನವರು ಕೂಡಿ ನನಗ ಸುಳ್ಳು ಹೇಳತಾರೇನು?"

"ಶಿಕ್ಕಾ ಖರೇನ ಐತ್ರಿ ಅಜ್ಜಾರ," ಎಂದ ಪೋಸ್ಟಮನ್. ಅಂಗಡಿಯಲ್ಲಿದ್ದವರೆಲ್ಲ ಸೇರಿ ನನ್ನ ಕೈಯಲ್ಲಿದ್ದ ಗಡಿಯಾರವನ್ನೇ ಬಿಚ್ಚಿಸಿದರು.

ಈಗ ಇಮಾಮಸಾಬ ಅದನ್ನು ಬಂದವರಿಗೆಲ್ಲ ತೋರಿಸಿ, "ನಮ್ಮ ದೋಸ್ತ ಸ್ವಿಟ್ಜರ್ಲೆಂಡಿನಿಂದ ತಂದಾನ" ಎನ್ನುತ್ತಾನೆ. ನಾನೂ ಬಿಡುವುದಿಲ್ಲ, ಅಲ್ಲಿ ಥಂಡಿ ಭಾಳ ಎಂದು ಪಕ್ಕದಲ್ಲೇ ಕೂತು ಹೇಳುತ್ತೇನೆ.