ನಗುತ್ತಾ ಕೊಡಬೇಕಾದ ಬೆರಳು

ಕುಂದಾಣದ ಶಶಿರೇಖಾಗೆ ಜಪಾನಿನ ರೌಡಿ ಸಿನಿಮಾಗಳು ಪರಿಚಯವಾದದ್ದು ಬದನೆಕಾಯಿ ಹೆಚ್ಚುತ್ತಾ. ಗಂಡ ಮುನಿರಾಜ್ ಮತ್ತು ಅವನ ಗೆಳೆಯರಾದ ನಂದೀಶ್, ವಿಜಯ್ ನಡುಮನೆಯ ಟೀವಿ ಮುಂದೆ ಕೂತರೆ, ಅವಳು ಅಡುಗೆಮನೆಯ ಬಾಗಿಲಲ್ಲಿ ಈಳಿಗೆಮಣೆ ಹಾಕಿಕೊಳ್ಳುತ್ತಿದ್ದಳು. ಕರಿ ಸೂಟಿನ ರೌಡಿಗಳು ರಕ್ತಪಿಶಾಚಿಗಳಾಗುತ್ತಿದ್ದರು. ಪಿಶಾಚಿಗಳು ಹೊಡೆದಾಟ ನಿಲ್ಲಿಸಿ ಅಡುಗೆ ಪಂದ್ಯಕ್ಕಿಳಿಯುತ್ತಿದ್ದವು. ಅಷ್ಟರಲ್ಲಿ ಆಕಾಶದಿಂದ ಆನೆಗಾತ್ರದ ಬಸವನಹುಳು ಬಂದು ಎಲ್ಲರನ್ನೂ ನುಂಗುತ್ತಿತ್ತು. ಕುಕ್ಕರ್ ಕೂಗಿತೆಂದು ಎದ್ದು ಹೋದರೂ ಕಥೆ ತಪ್ಪುತ್ತಿರಲಿಲ್ಲ. ತಪ್ಪಲು ಕಥೆ ಇದ್ದರಲ್ಲವೆ.

ಒಂದು ಸಿನಿಮಾದಲ್ಲಿ, ತಪ್ಪು ಮಾಡಿದ ರೌಡಿ ತನ್ನ ಕಿರುಬೆರಳನ್ನೇ ಕತ್ತರಿಸಿ ಯಜಮಾನನ ಮುಂದಿಟ್ಟ.

"ಗಂಡಸು ಅಂದ್ರೆ ಇವ್ನು ಗುರು!" ಎಂದ ನಂದೀಶ್.

"ನಮ್ಮಜ್ಜಿ ಅವರಜ್ಜಿ ಅಂಜಿನಮ್ಮನೂ ಕೊಟ್ಟಿದ್ಲು," ಎಂದಳು ಶಶಿರೇಖಾ. "ಎರಡು ಬೆರಳು. ಮಗಳ ಕಿವಿ ಚುಚ್ಚಿಸೋವಾಗ."

ಆ ಕಾಲಕ್ಕೆ ಅವರ ಕುಲದಲ್ಲಿ ಅದು ಪದ್ಧತಿ. ಅದಕ್ಕೊಂದು ಕಥೆಯೂ ಇತ್ತು. ಶಿವ ಅಡಗಿದ್ದ ಜಾಗವನ್ನು ರಾಕ್ಷಸನಿಗೆ ಬೆರಳು ಮಾಡಿ ತೋರಿಸಿದವನು ಒಬ್ಬ ರೈತ. ಶಿವ ಆ ಬೆರಳನ್ನೇ ಕೇಳಿದಾಗ, ಹೊಲಕ್ಕೆ ಬುತ್ತಿ ತಂದಿದ್ದ ಹೆಂಡತಿ, ನೇಗಿಲು ಹಿಡಿಯುವ ಕೈ ಸ್ವಾಮಿ, ನನ್ನದು ತಗೋ ಎಂದಳಂತೆ. ಅಲ್ಲಿಂದ ಮುಂದೆ, ಮಕ್ಕಳ ಕಿವಿ ಚುಚ್ಚಿಸುವಾಗ ಬೆರಳು ಕತ್ತರಿಸುವ ಮಣೆಯ ಮೇಲೆ ತಾಯಂದಿರ ಕೈಯೇ. ಈಗ ಬೆರಳಿಗೆ ಹೂ ಸುತ್ತಿ ಬಿಚ್ಚಿದರೆ ಶಾಸ್ತ್ರ ಮುಗಿಯುತ್ತದೆ. ಅಂಜಿನಮ್ಮ ಮಾತ್ರ ಮೊಂಡುಗೈಯಲ್ಲೇ ಮುದ್ದೆ ತಿರುವಿದಳು, ಕಳೆ ಕಿತ್ತಳು, ಸೊಸೆಯರ ಬಾಣಂತನ ಮಾಡಿದಳು. ಇವಕ್ಕೂ ಬೆರಳು ಬೇಕಾಗುತ್ತದೆಂದು ಯಾರಿಗೂ ಹೊಳೆದಿರಲಿಲ್ಲ.

ಮುನಿರಾಜ್ ಯೂಟ್ಯೂಬಿಗೆ ಅಂಥದೇ ಸಿನಿಮಾ ತೆಗೆಯಲು ಹೊರಟಾಗ ಅವಳು ಕೇಳಿದ್ದು ಒಂದೇ. "ಅಂಜಿನಮ್ಮನ ಕಥೆ ಹಾಕ್ರೀ. ಆಯಮ್ಮ ಪಟ್ಟ ಪಾಡು ಇದ್ದಂಗೇ ಬರ್ಲಿ."

"ರೌಡಿ, ಪಿಶಾಚಿ, ಬಸವನಹುಳು... ಇದ್ರಲ್ಲಿ ಅಳೋ ಸೀನ್ ಮ್ಯಾಚ್ ಆಗಲ್ಲ ಕಣೇ."

ಶೂಟಿಂಗ್ ದಿನ ವಿಷಯ ತಿಳಿಯಿತು. ತಪ್ಪು ಮಾಡುವ ರೌಡಿ ಮುನಿರಾಜ್. ಅವನ ಬದಲು ಹೆಂಡತಿ ಬೆರಳು ಕೊಡುತ್ತಾಳೆ, ಪಿಶಾಚಿ ಅದನ್ನು ಬಿರಿಯಾನಿಗೆ ನೆಂಚಿಕೊಳ್ಳುತ್ತದೆ. ಹೆಂಡತಿಯಾಗಿ ಶಶಿರೇಖಾ. ಮೈದಾ ಹಿಟ್ಟಿನ ಬೆರಳು, ಬೀಟ್‌ರೂಟಿನ ರಕ್ತ, ಎಲ್ಲರ ಊಟಕ್ಕೂ ಆಗುವಷ್ಟು ಬಿರಿಯಾನಿ ಮಾಡಿದವಳೂ ಅವಳೇ.

"ನಗ್ತಾ ಕೊಡು," ಎಂದ ಮುನಿರಾಜ್. "ಕಾಮಿಡಿ ಅದು."

"ಆಯಮ್ಮ ನಕ್ಕಿರ್ಲಿಲ್ಲ."

"ನೀನೇನ್ ಕಂಡಿದ್ಯಾ? ನಂದೀಶ, ಕ್ಯಾಮೆರಾ ಹಾಕೋ!"

ವಿಜಯ್ ಮಚ್ಚೆತ್ತಿದ. ಶಶಿರೇಖಾ ಮಣೆಯ ಮೇಲಿಂದ ತನ್ನ ಕೈ ತೆಗೆದು, ಪಕ್ಕದಲ್ಲಿದ್ದ ಗಂಡನ ಕೈ ಹಿಡಿದು ಅಲ್ಲಿಟ್ಟಳು. ಮಚ್ಚು ಇಳಿಯಿತು. ಮುನಿರಾಜ್ ಚೀರಿ, ಕೈ ಕಿತ್ತುಕೊಂಡು ಎದೆಗವಚಿಕೊಂಡ. ಮಚ್ಚು ರಟ್ಟಿನದೆಂದು ಅವನಿಗೆ ಗೊತ್ತಿತ್ತು. ಅದಕ್ಕೆ ಬಣ್ಣ ಬಳಿದವನೇ ಅವನು.

"ಸಖತ್ತಾಗಿ ಬಂತು ಅಕ್ಕಾ!" ಎಂದ ವಿಜಯ್.

"ಡಿಲೀಟ್ ಮಾಡ್ರೋ ಅದನ್ನ," ಎಂದ ಮುನಿರಾಜ್.

ಹೆಂಡತಿಯ ಪಾತ್ರಕ್ಕೆ ನಂದೀಶ್ ಶಶಿರೇಖಾಳ ಸೀರೆ ಸುತ್ತಿಕೊಂಡು, ಬಳೆ ತೊಟ್ಟು, ಹಲ್ಲು ಕಿರಿಯುತ್ತಾ ಬೆರಳು ಕೊಟ್ಟ. ಮುನಿರಾಜನಿಗೆ ಅದು ಒಂದೇ ಸಲಕ್ಕೆ ಒಪ್ಪಿಗೆಯಾಯಿತು.

ಜನ ಹೆಚ್ಚು ಮೆಚ್ಚಿದ್ದೂ ಆ ತುಣುಕನ್ನೇ. ಈಗ ಕುಂದಾಣದ ಬಸ್‌ಸ್ಟ್ಯಾಂಡಿನಲ್ಲಿ ನಂದೀಶ್ ಇಳಿದರೆ ಸಾಕು, ಯಾರಾದರೂ ಕಿರುಬೆರಳು ಚಾಚಿ ಹಲ್ಲು ಕಿರಿದು, "ಏನಮ್ಮಾ ಅಂಜಿನಮ್ಮಾ!" ಎಂದು ಕೂಗುತ್ತಾರೆ. ಅಂಜಿನಮ್ಮನ ಕಥೆಯಲ್ಲಿ ಮುನಿರಾಜ್ ಅವಳ ಹೆಸರೊಂದನ್ನು ಮಾತ್ರ ಬದಲಿಸಿರಲಿಲ್ಲ.