ಖಂಡೆ ಪೂಜೆಗೆ ಕೂಡಿಸಿದ ಚಾರ್ಜರ್

ಮಾದೇವಣ್ಣ, ಆ ಗಾಡಿಯ ಕಂಟ್ರೋಲ್ ಮಾಡ್ಯೂಲ್ ಕೆಟ್ಟದ್ದು ನೀವು ಹೊಡೆದ ನೀರಿನಿಂದಲ್ಲ. ನನ್ನ ಕೈಯಿಂದ. ನೀರು ಹೊಕ್ಕಿದೆ ಎಂದು ಸಾವಕಾರರ ಮುಂದೆ ನಾನು ಹೇಳಿದ್ದು ಸುಳ್ಳು — ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು.

ಇಷ್ಟು ಬರೆಯುವುದಕ್ಕೆ ಆರು ವರ್ಷ ಹಿಡಿಯಿತು. ನಿಮಗೆ ಗೊತ್ತಿರುವ ಸಂಗತಿಯನ್ನೂ ಇದರಲ್ಲಿ ಬರೆಯುತ್ತಿದ್ದೇನೆ, ಬೇಸರಪಡಬೇಡಿ. ಇದನ್ನು ನಿಮಗೊಬ್ಬರಿಗೇ ಅಲ್ಲ, ಮುಧೋಳಕ್ಕೆ ಹೋಗಿ ಸಾವಕಾರರಿಗೂ ಓದಿ ಹೇಳಬೇಕಾಗಿದೆ. ಬಾಯಿಂದ ಹೇಳಲು ಹೋದರೆ ನಾನು ನಡುವೆ ಎಲ್ಲೋ ಒಂದು ಕಡೆ ಜಾರಿಕೊಳ್ಳುತ್ತೇನೆ — ನನ್ನ ಬುದ್ಧಿ ನನಗೆ ಗೊತ್ತು.

ಅಂದು ನವಮಿ. ಜಮಖಂಡಿಯ ನನ್ನ ಅಂಗಡಿಯಲ್ಲಿ ಬೆಳಿಗ್ಗೆಯೇ ಖಂಡೆ ಪೂಜೆ ಮುಗಿದಿತ್ತು. ಪಾನಾ, ಸುತ್ತಿಗೆ, ಜಾಕ್, ಎಲ್ಲ ಹತ್ಯಾರ ತೊಳೆದು ಒರೆಸಿ, ವಿಭೂತಿ ಹಚ್ಚಿ, ಮಣೆಯ ಮೇಲೆ ಸಾಲಾಗಿ ಕೂಡಿಸಿದ್ದೆವು. ನಟ್ಟನಡುವೆ ಆ ವರ್ಷ ಹೊಸದಾಗಿ ತಂದ, ಗಾಡಿಯ ಬ್ಯಾಟರಿಗೆ ಹಚ್ಚುವ ದೊಡ್ಡ ಚಾರ್ಜರ್. ಅದರ ತಲೆಯ ಮೇಲೆ ಒಂದು ಚೆಂಡು ಹೂವಿನ ಮಾಲೆ. ಕೂಡಿಸಿದ ಹತ್ಯಾರವನ್ನು ಬನ್ನಿ ಮುಡಿಯುವ ದಿನದವರೆಗೆ ಎಬ್ಬಿಸುವಂತಿಲ್ಲ. ನಮ್ಮಪ್ಪ ಕಮ್ಮಾರಿಕೆ ಮಾಡುವಾಗಿನಿಂದ ಅದು ನಮ್ಮ ಮನೆಯ ಪದ್ಧತಿ. ಅವ್ವ ಆರತಿ ಎತ್ತಿ ಹೋಗುವಾಗ ಒಂದೇ ಮಾತು ಹೇಳಿದ್ದಳು.

"ಇವತ್ತ ಯಾವ ಕೆಲಸಕ್ಕೂ ಕೈ ಹಚ್ಚಬ್ಯಾಡಪಾ."

ಹನ್ನೊಂದರ ಹೊತ್ತಿಗೆ ನೀವು ಸಾವಕಾರರ ಗಾಡಿ ತಂದಿರಿ. ನಿಮ್ಮೂರು ಗಲಗಲಿಯ ಹೊಳೆಯ ದಂಡೆಯಲ್ಲಿ ನಿಲ್ಲಿಸಿಕೊಂಡು, ಬಾನೆಟ್ ಎತ್ತಿ, ಎಂಜಿನ್ನನ್ನೂ ಬಿಡದೆ ತೊಳೆದಿದ್ದಿರಿ. ಇಪ್ಪತ್ತೆರಡು ವರ್ಷ ಅವರ ಬೀಜದ ಅಂಗಡಿಯ ಗಾಡಿಗಳನ್ನು ಒಂದು ಗೀರು ಬೀಳದಂತೆ ನಡೆಸಿದ ಕೈ. ಆದರೆ ವಾರದಿಂದ ಮೀಟರಿನಲ್ಲಿ ಹಳದಿ ದೀಪ ಉರಿಯುತ್ತಿತ್ತು, ಏರಿನಲ್ಲಿ ಗಾಡಿ ಎಳೆಯುತ್ತಿರಲಿಲ್ಲ. ಮಾಡ್ಯೂಲಿನೊಳಗಿನ ಪ್ರೋಗ್ರಾಮ್ ಬದಲಿಸಿದರೆ ಸರಿಹೋಗುತ್ತದೆಂದು ನಾನೇ ಹಿಂದಿನ ವಾರ ಹೇಳಿದ್ದೆ. ಅಷ್ಟರಲ್ಲಿ ಸಾವಕಾರರ ಫೋನ್ ಬಂತು.

"ಸಂಜಿಕ ಗಾಡಿ ಪೂಜಾ ಐತಿ. ಆ ಹಳದಿ ದೀಪ ಆರ್ಸಿ ಕಳಸಪಾ, ಹಬ್ಬದಾಗ ಅದೊಂದ ಬ್ಯಾಡ."

ನೀವು ಮಣೆಯ ಕಡೆ ನೋಡಿ ಕೈ ಮುಗಿದಿರಿ. "ಹತ್ಯಾರ ಕೂತಾವ. ನಾಡದು ಮಾಡಿದ್ರಾತು ಬಿಡೊ ತಮ್ಮಾ. ಎರಡ ದಿನದಾಗ ಆ ದೀಪ ಏನ ಗಾಡಿ ತಿನ್ನೂದಿಲ್ಲ."

ನಿಮ್ಮ ಮಾತು ಕೇಳಬೇಕಿತ್ತು. ಆದರೆ ಆಗ ನನ್ನ ತಲೆ ಸ್ವಲ್ಪ ಮೇಲೆಯೇ ಇತ್ತು. ಲೋಕಾಪುರದಿಂದ, ಬೀಳಗಿಯಿಂದ ಗಾಡಿಗಳು ನನ್ನ ಹೆಸರು ಕೇಳಿಕೊಂಡು ಬರುತ್ತಿದ್ದವು. ಲ್ಯಾಪ್‌ಟಾಪ್ ಹಿಡಿದು ಗಾಡಿ ರಿಪೇರಿ ಮಾಡುವವನು ಎಂದು ಜನ ಬೆರಗಾಗಿ ನೋಡುತ್ತಿದ್ದರು, ನಾನೂ ನನ್ನನ್ನು ಹಾಗೇ ನೋಡಿಕೊಳ್ಳುತ್ತಿದ್ದೆ. ಸಾವಕಾರರಿಗೆ ಆಗುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ಇಪ್ಪತ್ತ ಮಿನಿಟಿನ ಕೆಲಸರೀ ಮಾದೇವಣ್ಣ, ಚಾ ಕುಡದ ಬರ್ರಿ" ಎಂದು ನಿಮ್ಮನ್ನು ಕಳಿಸಿದೆ.

ಆ ಕೆಲಸ ಏನೆಂದು ನಿಮಗೆ ಯಾವತ್ತೂ ಬಿಡಿಸಿ ಹೇಳಿಲ್ಲ, ಈಗ ಹೇಳುತ್ತೇನೆ. ಮಾಡ್ಯೂಲ್ ಎಂದರೆ ಎಂಜಿನ್ನಿಗೆ ಯಾವಾಗ, ಎಷ್ಟು ಡೀಸೆಲ್ ಎಂದು ಹೇಳುವ ಡಬ್ಬಿ. ಅದರಲ್ಲಿರುವ ಹಳೆಯ ಪ್ರೋಗ್ರಾಮನ್ನು ಅಳಿಸಿ, ಲ್ಯಾಪ್‌ಟಾಪಿನಿಂದ ಹೊಸದನ್ನು ಬರೆಯಬೇಕು. ಹಳೆಯದು ಅಳಿದು ಹೊಸದು ಇನ್ನೂ ಪೂರ್ತಿಯಾಗದ ಹೊತ್ತಿನಲ್ಲಿ ಕರೆಂಟ್ ಕುಗ್ಗಿದರೆ, ಡಬ್ಬಿ ಸತ್ತಂತೆಯೇ. ಅದಕ್ಕೆ ಬ್ಯಾಟರಿಗೆ ಹೊರಗಿನಿಂದ ಚಾರ್ಜರಿನ ಆಸರೆ ಕೊಟ್ಟು, ದೀಪ, ಎಸಿ ಎಲ್ಲ ಆರಿಸಿ, ಮುಗಿಯುವವರೆಗೆ ಚಾವಿ, ವೈರು ಯಾವುದನ್ನೂ ಮುಟ್ಟದೆ ಕೂಡಬೇಕು. ಕಲಿಯುವಾಗ ಮೊದಲ ದಿನವೇ ಹೇಳಿಕೊಟ್ಟ ಪಾಠ ಇದು.

ನನ್ನ ಚಾರ್ಜರ್ ಮಾಲೆ ಹಾಕಿಕೊಂಡು ಮಣೆಯ ಮೇಲೆ ಕೂತಿತ್ತು. ಲ್ಯಾಪ್‌ಟಾಪನ್ನು ಮಾತ್ರ ಕೀಲಿಮಣೆಯೊಳಗೆ ಕುಂಕುಮ ಹೊಕ್ಕೀತೆಂದು ಪೂಜೆಗೆ ಇಟ್ಟಿರಲಿಲ್ಲ, ಅದು ಚೀಲದಲ್ಲೇ ಇತ್ತು. ಅದರ ಜೊತೆಗಿದ್ದ ವೋಲ್ಟ್ ಮೀಟರ್ ಹಿಡಿದು ನೋಡಿದೆ, ಬ್ಯಾಟರಿ ಚೆನ್ನಾಗಿಯೇ ಇತ್ತು. ಸಾಕು, ನಡೆಯುತ್ತದೆ ಅಂದುಕೊಂಡೆ. ಯೋಚಿಸಿದಾಗೆಲ್ಲ ನನಗೇ ನಾಚಿಕೆ — ಅವ್ವ ಕೆಲಸವನ್ನೇ ಮಾಡಬೇಡ ಎಂದಿದ್ದಳು, ಚಾರ್ಜರ್ ಎಬ್ಬಿಸದೆ ಕೆಲಸ ಮಾಡು ಎಂದಿರಲಿಲ್ಲ. ಪದ್ಧತಿಯನ್ನೂ ಅರ್ಧ ನಡೆಸಿದೆ, ವಿದ್ಯೆಯನ್ನೂ ಅರ್ಧ ನಡೆಸಿದೆ.

ಬರೆಯಲು ಶುರುವಾದ ಕೂಡಲೆ ರೇಡಿಯೇಟರಿನ ಫ್ಯಾನ್ ತಾನಾಗಿ ಜೋರಾಗಿ ತಿರುಗತೊಡಗಿತು. ಕೆಲವು ಗಾಡಿಗಳಲ್ಲಿ ಹಾಗಾಗುತ್ತದೆ, ನನಗೆ ಗೊತ್ತಿತ್ತು. ಫ್ಯಾನ್ ಬ್ಯಾಟರಿಯನ್ನು ಹೀರುತ್ತಿತ್ತು, ನಡುವೆ ನಿಲ್ಲಿಸುವಂತಿಲ್ಲ. ಅರ್ಧ ದಾಟಿತು. ಇನ್ನೇನು ಮೂರರಲ್ಲಿ ಒಂದು ಪಾಲು ಉಳಿದಿದೆ ಎನ್ನುವಾಗ ಪರದೆಯ ಮೇಲೆ ಕೆಂಪು ಅಕ್ಷರ ಬಂದು ಎಲ್ಲವೂ ನಿಂತಿತು.

ಆಗ ಎದ್ದು ಚಾರ್ಜರನ್ನು ಮಣೆಯಿಂದ ಎಳೆದೆ. ಮಾಲೆ ಹರಿದು ಹೂವು ನೆಲಕ್ಕೆ ಬಿತ್ತು. ಚಾರ್ಜರನ್ನು ಬ್ಯಾಟರಿಗೆ ಹಚ್ಚಿ ಮೂರು ಸಲ ಪ್ರಯತ್ನಿಸಿದೆ. ಡಬ್ಬಿ ಲ್ಯಾಪ್‌ಟಾಪಿಗೆ ಓ ಎನ್ನಲಿಲ್ಲ. ಚಾವಿ ತಿರುಗಿಸಿದರೆ ಎಂಜಿನ್ ಮಿಸುಕಲಿಲ್ಲ. ಆಮೇಲೆ ನಾನು ಏನು ಮಾಡಿದೆ ಗೊತ್ತೇ — ಚಾರ್ಜರನ್ನು ತಿರುಗಿ ಮಣೆಯ ಮೇಲೆ ಕೂಡಿಸಿ, ಬಿದ್ದ ಹೂಗಳನ್ನು ಒಂದೊಂದಾಗಿ ಆರಿಸಿ ಅದರ ಮೇಲಿಟ್ಟೆ. ಸುಳ್ಳು ಶುರುವಾದದ್ದು ಅಲ್ಲಿಂದ, ಬಾಯಿ ತೆರೆಯುವುದಕ್ಕೂ ಮೊದಲು.

ಗಾಡಿ ಬರಲಿಲ್ಲವೆಂದು ಮಧ್ಯಾಹ್ನ ಸಾವಕಾರರೇ ಬಂದರು. ಬೈಯಲಿಲ್ಲ. "ಏನಾತಪಾ?" ಎಂದು ಮಾತ್ರ ಕೇಳಿದರು. ಎಂಜಿನ್ನಿನ ಮೂಲೆಯಲ್ಲಿ ಇನ್ನೂ ಎರಡು ಹನಿ ನೀರು ಹೊಳೆಯುತ್ತಿತ್ತು. ಅದು ಕಣ್ಣಿಗೆ ಬಿತ್ತು.

"ತೊಳಿಯೂ ಮುಂದ ಮಾಡ್ಯೂಲಿನ್ಯಾಗ ನೀರ ಹೊಕ್ಕೈತ್ರೀ ಸಾವಕಾರ್ರ."

ಅಷ್ಟೇ ಮಾತು. ಡಬ್ಬಿ ಬಿಚ್ಚಿ ತೋರಿಸು ಎಂದು ಅವರು ಕೇಳಲಿಲ್ಲ. ನನ್ನ ಮೇಲೆ ಅವರಿಗೆ ಅಷ್ಟು ನಂಬಿಕೆ.

ಚಾ ಕುಡಿದು ಬಂದು ಪಕ್ಕದಲ್ಲೇ ನಿಂತಿದ್ದ ನಿಮ್ಮ ಮುಖ ಬಾಡಿತು. "ನೀ ಹೇಳಿದಂಗ ಬೀಜದ ಚೀಲದ ಪ್ಲಾಸ್ಟಿಕ್ ಕಟ್ಟೇ ತೊಳದೇನೆಲೊ ತಮ್ಮಾ" ಎಂದಿರಿ. ಹೌದು, ನಾನೇ ಕಲಿಸಿದ್ದು. ನೀರು ಹೊಡೆಯುವ ಮುಂಚೆ ಡಬ್ಬಿಗೆ ದಪ್ಪ ಚೀಲ ಕಟ್ಟಬೇಕೆಂದು ತೋರಿಸಿಕೊಟ್ಟವನು ನಾನೇ.

"ಚೀಲ ಹರದಿತ್ತು ಕಾಣತೈತ್ರೀ" ಎಂದೆ.

ನೀವು ಸೀಟಿನ ಕೆಳಗಿನಿಂದ ಆ ಚೀಲ ತೆಗೆದು, ಬಿಸಿಲಿಗೆ ಹಿಡಿದು, ಹೊರಳಿಸಿ ಹೊರಳಿಸಿ ನೋಡಿದಿರಿ. ನೀವು ನನ್ನ ಜೊತೆ ಜಗಳ ತೆಗೆದಿದ್ದರೆ ನಾನು ಉಳಿಯುತ್ತಿದ್ದೆನೇನೋ. ನೀವು ಜಗಳ ತೆಗೆಯಲಿಲ್ಲ. "ನನ್ನ ಕಣ್ಣಿಗೆ ಸಣ್ಣ ತೂತ ಕಾಣಂಗಿಲ್ಲ. ಇದ್ದರೂ ಇದ್ದೀತು" ಎಂದು ಚೀಲವನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಹೋದಿರಿ.

ಮರುದಿನ ಬನ್ನಿ. ನಿಮ್ಮೂರಿನಿಂದ ಬಸ್ಸಿನಲ್ಲಿ ನನ್ನ ಅಂಗಡಿಯವರೆಗೆ ಬಂದಿರಿ. ಬನ್ನಿ ಎಲೆ ಕೈಯಲ್ಲಿಟ್ಟು, "ಬಂಗಾರದಂಗ ಇರೂಣು ತಮ್ಮಾ. ನನ್ನಿಂದ ಹಬ್ಬದಾಗ ನಿನಗ ತ್ರಾಸ ಆತು" ಎಂದಿರಿ. ನಾನು ಬಗ್ಗಿ ಕಾಲು ಮುಟ್ಟಿದೆ. ಹಿರಿಯರೆಂದು ಬಗ್ಗಿದ್ದಲ್ಲ — ಮುಖ ತೋರಿಸಲು ಆಗದೆ.

ಬೇರೆ ಮಾಡ್ಯೂಲ್ ತರಿಸಿ, ಈ ಸಲ ಚಾರ್ಜರ್ ಹಚ್ಚಿಕೊಂಡು ಕೂತು ಗಾಡಿ ಓಡಿಸಿಕೊಟ್ಟೆ. ಆದರೆ ಸಾವಕಾರರು ನಿಮಗೆ, "ಇನ್ನ ಸಾಕ ಮಾಡು ಮಾದೇವಾ, ಈಗಿನ ಗಾಡಿ ನಿನ್ನ ಕೈಗಲ್ಲ" ಎಂದರಂತೆ. ಚಹಾದಂಗಡಿಯಲ್ಲಿ ಜನ ನಿಮ್ಮನ್ನು ಗಾಡಿಗೆ ಜಳಕ ಮಾಡಿಸಿ ಕೊಂದವನೆಂದು ಚೇಷ್ಟೆ ಮಾಡಿದರು. ನಾನೂ ಅಲ್ಲಿ ಕೂತಿದ್ದೆ. ಎಲ್ಲರ ಜೊತೆ ನಕ್ಕೆ, ಮಾದೇವಣ್ಣ. ಅದನ್ನೂ ಬರೆಯಲೇಬೇಕು.

ಆಮೇಲೆ ನೀವು ಸ್ಟೇರಿಂಗ್ ಹಿಡಿಯಲಿಲ್ಲ. ಬನಹಟ್ಟಿಯ ಮಗ್ಗದ ಶೆಡ್ಡೊಂದರ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕಾವಲಿಗೆ ಕೂತಿರಿ. ನಾನು ನನ್ನ ಕಡೆ ಕಲಿಯಲು ಬಂದ ಮಿಸ್ತ್ರಿಗಳಿಗೆಲ್ಲ "ಮೊದಲು ಚಾರ್ಜರ್, ಆಮೇಲೆ ಲ್ಯಾಪ್‌ಟಾಪ್" ಎಂದು ತಾಕೀತು ಮಾಡುತ್ತ ಶಿಸ್ತಿನ ಮನುಷ್ಯ ಎನಿಸಿಕೊಂಡೆ. ಆ ಶಿಸ್ತು ಎಲ್ಲಿ ಕಲಿತೆ ಎಂದು ಯಾರಿಗೂ ಹೇಳಲಿಲ್ಲ.

ಹೋದ ತಿಂಗಳು ಆ ಶೆಡ್ಡಿಗೆ ಒಂದು ಟೆಂಪೋ ನೋಡಲು ಬಂದಿದ್ದೆ. ಗೇಟಿನ ಹತ್ತಿರ ಡ್ರೈವರ್ ಪೈಪ್ ಹಿಡಿದು ಬಾನೆಟ್ ಎತ್ತಿದ್ದ. ನೀವು ಕುರ್ಚಿಯಿಂದ ಎದ್ದು ಓಡಿದಿರಿ. "ಎಂಜಿನ್ನಿಗೆ ನೀರ ಹೊಡಿಬ್ಯಾಡೊ ತಮ್ಮಾ. ನಾ ಹಂಗ ಮಾಡೇ ಒಂದ ಛಲೋ ಗಾಡಿ ಕೊಂದೇನಿ."

ಜನರು ಹಾಗೆ ನಂಬಿದ್ದಾರೆಂದು ನನಗೆ ಗೊತ್ತಿತ್ತು. ನೀವು ಈಗಲೂ ನಂಬಿದ್ದೀರಿ ಎಂದು ಗೊತ್ತಿರಲಿಲ್ಲ — ಇಲ್ಲ, ಗೊತ್ತಿತ್ತು. ಕಿವಿಯಾರೆ ಕೇಳಿರಲಿಲ್ಲ, ಅಷ್ಟೇ. ನಿಮ್ಮ ಕೆಲಸ ಕಿತ್ತುಕೊಂಡದ್ದಕ್ಕಿಂತ ನಿಮ್ಮ ಕೈಯ ಮೇಲಿನ ನಿಮ್ಮ ಭರವಸೆಯನ್ನು ಕಿತ್ತುಕೊಂಡದ್ದು ದೊಡ್ಡ ಪಾಪ. ಅಂದು ಟೆಂಪೋ ನೋಡದೆ ಹಿಂದಿರುಗಿದೆ.

ಇನ್ನು ನಾಲ್ಕು ದಿನಕ್ಕೆ ನವಮಿ. ಅದಕ್ಕೂ ಮೊದಲು ಸಾವಕಾರರ ಅಂಗಡಿಗೆ ಹೋಗಿ, ಅಲ್ಲಿ ಎಷ್ಟು ಜನ ಗಿರಾಕಿಗಳಿದ್ದರೂ, ಇದನ್ನು ಓದುತ್ತೇನೆ. ಚೇಷ್ಟೆ ನಡೆದ ಚಹಾದಂಗಡಿಯಲ್ಲೂ ಓದುತ್ತೇನೆ. ಬನ್ನಿಯ ದಿನ ಗಲಗಲಿಗೆ ಬರುತ್ತೇನೆ. ಬನ್ನಿ ಎಲೆ ತರುವುದಿಲ್ಲ, ಅದನ್ನು ಕೊಡುವುದು ಬಿಡುವುದು ನಿಮಗೆ ಸೇರಿದ್ದು. ನೀವು ಕಟ್ಟೆಯ ಮೇಲೆ ಬಿಟ್ಟುಹೋದ ಚೀಲ ತರುತ್ತೇನೆ. ಅದನ್ನು ಆರು ವರ್ಷ ಕಪಾಟಿನಲ್ಲಿ ಬಚ್ಚಿಟ್ಟಿದ್ದೇನೆ. ನೀವು ಬನ್ನಿ ಕೊಟ್ಟು ಹೋದ ಆ ದಿನವೇ ಅದಕ್ಕೆ ಬಾಯಿಮಟ ನೀರು ತುಂಬಿ, ದಾರ ಕಟ್ಟಿ ಮೊಳೆಗೆ ನೇತುಹಾಕಿ, ಬಹಳ ಹೊತ್ತು ನೋಡಿದ್ದೆ.

ನಿಮ್ಮ ಅಂಗಳದಲ್ಲಿ ನಿಮ್ಮ ಮನೆಯ ನೀರನ್ನೇ ತುಂಬಿ ಎತ್ತಿ ಹಿಡಿಯುತ್ತೇನೆ, ಮಾದೇವಣ್ಣ. ಕಣ್ಣಿಗೆ ಕಾಣದಿದ್ದರೆ ಬೇಡ, ಕೆಳಗೆ ಅಂಗೈ ಹಿಡಿಯಿರಿ. ಒಂದು ಹನಿಯೂ ಬೀಳುವುದಿಲ್ಲ.