ಬೆಲ್ಟಮ್ಮನ ಏಳನೇ ನಂಬರಿನ ಸೀಟು

ಬೆಳಗ್ಗೆ ಆರು ಗಂಟೆ. ಹೆರಿಗೆ ಆಸ್ಪತ್ರೆಯ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ಕಂಬದ ಹಿಂದಿನ ಕಿರುಕೋಣೆಯಲ್ಲಿ, ಐವತ್ತಾರು ವರ್ಷದ ಹೆಂಗಸೊಬ್ಬರು ಖಾಲಿ ಸೀಟೊಂದರ ಜೊತೆ ಜಗಳಕ್ಕೆ ನಿಂತಿದ್ದಾರೆ. ಕಾರಿನಲ್ಲಿ ಹಸುಗೂಸನ್ನು ಕೂರಿಸುವ ಸೀಟು ಅದು. ಪಟ್ಟಿಯನ್ನು ಜಗ್ಗುತ್ತಾರೆ, ಬಕಲ್ಲನ್ನು ಹಾಕಿ ತೆಗೆಯುತ್ತಾರೆ, ಕಿವಿ ಹತ್ತಿರ ತಂದು ಇನ್ನೊಮ್ಮೆ ಹಾಕುತ್ತಾರೆ. "ಟಕ್ ಅಂತ ಪೂರ್ತಿ ಸದ್ದು ಬರ್ಬೇಕು. ಅರ್ಧ ಸದ್ದು ಬಂದ್ರೆ ಅರ್ಧ ಕೂತಿದೆ ಅಂತ್ಲೇ ಲೆಕ್ಕ," ಎನ್ನುತ್ತಾರೆ.

ಆಸ್ಪತ್ರೆಯ ಕಾಗದಪತ್ರದಲ್ಲಿ ಇವರು ಆಯಾ. ವಾಚ್‌ಮನ್‌ನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಬೆಲ್ಟಮ್ಮ. ಹುಟ್ಟಿದ ಮಗುವನ್ನು ವಾರ್ಡಿನಿಂದ ಎತ್ತಿಕೊಂಡು ಬಂದು, ಕಾರಿನಲ್ಲಿ ಸರಿಯಾಗಿ ಕೂರಿಸಿ, ಮನೆಗೆ ಕಳಿಸಿಕೊಡುವುದು ಇವರ ಕೆಲಸ. ದಿನಕ್ಕೆ ಏಳೆಂಟು ಕೂಸುಗಳು, ಹನ್ನೆರಡು ವರ್ಷಗಳಿಂದ. ನಾನು ಅದಕ್ಕಿಂತ ಹೆಚ್ಚು ವರ್ಷ ಪತ್ರಿಕೆಗೆ ಬರೆದಿದ್ದೇನೆ. ನನ್ನ ಲೇಖನದಿಂದ ಒಬ್ಬರಾದರೂ ಕ್ಷೇಮವಾಗಿ ಮನೆ ಸೇರಿದ ದಾಖಲೆ ಇಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಇವರನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ.

ಅವರ ಹೊಟ್ಟೆಕಿಚ್ಚಿನ ಮುಂದೆ ನನ್ನದು ಏನೇನೂ ಅಲ್ಲ ಎಂದು ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಗೋಡೆಗುಂಟ ಹನ್ನೊಂದು ಸೀಟುಗಳಿವೆ. ಸ್ವಂತ ಸೀಟು ಇಲ್ಲದವರಿಗೆ ವಾರದ ಮಟ್ಟಿಗೆ ಎರವಲು ಕೊಡುವಂಥವು. ಏಳನೇ ನಂಬರಿನದು ಎಲ್ಲಕ್ಕಿಂತ ಹೊಸದು. ಮೂರು ದಿನದಿಂದ ಅದರ ಮೇಲೆ ಹಳೆಯ ದುಪ್ಪಟಿ ಹೊದಿಸಿದೆ. ಕೇಳಿದವರಿಗೆಲ್ಲ ರಿಪೇರಿಗಿದೆ ಎಂದು ಹೇಳಿ ಸಾಗಹಾಕಿದ್ದಾರೆ. ರಿಪೇರಿಯೂ ಇಲ್ಲ, ಏನೂ ಇಲ್ಲ. ಎರಡನೇ ಮಹಡಿಯ ವಾರ್ಡಿನಲ್ಲಿ ಇವರ ಮಗಳು ಬಾಣಂತಿ. ಮೂರು ದಿನದ ಮೊಮ್ಮಗಳಿಗೆ ಇವತ್ತು ಹನ್ನೊಂದಕ್ಕೆ ಡಿಸ್ಚಾರ್ಜ್.

ಮಗು ಹೋಗುತ್ತಿರುವುದು ಬೀಗಿತ್ತಿಯ ಮನೆಗೆ. ಬೆಲ್ಟಮ್ಮನ ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಮಗಳಿಗೆ ಹೊಲಿಗೆ ಹಾಕಿದ್ದಾರೆ. ಮೇಲಾಗಿ ಇವರು ಬೆಳಗ್ಗೆ ಐದಕ್ಕೆ ಮನೆ ಬಿಟ್ಟರೆ ನೋಡಿಕೊಳ್ಳುವವರು ಯಾರು? ಮಗಳು ಯೋಚಿಸಿಯೇ ತೀರ್ಮಾನ ಮಾಡಿದ್ದಾಳೆ. ಅದು ಸರಿಯಾದ ತೀರ್ಮಾನ ಎಂದು ಅಮ್ಮನಿಗೂ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆ ತಣ್ಣಗಾಗುವುದಿಲ್ಲವಲ್ಲ.

"ಸುಳ್ಳು ಯಾಕೆ ಹೇಳ್ಲಿ, ಉರೀತಿದೆ," ಎನ್ನುತ್ತಾರೆ, ಸೀಟಿನ ಬುಡ ಒರೆಸುತ್ತ. "ಸ್ನಾನ ಮಾಡ್ಸೋರು ಅವ್ರು, ತೂಗೋರು ಅವ್ರು, ಮೊದಲ್ನೇ ನಗು ನೋಡೋರೂ ಅವ್ರೇ. ನನ್ನ ಪಾಲಿಗೆ ಬಂದಿರೋದು ಎರಡನೇ ಮಹಡಿಯಿಂದ ಕಾರಿನವರೆಗೆ. ಅಷ್ಟಾದ್ರೂ ನನ್ನ ಕೈಯಲ್ಲಿ ಸರಿಯಾಗಿ ಆಗ್ಬೇಕು. ಯಾರೂ ಬೆರಳು ತೋರ್ಸೋ ಹಾಗಿರ್ಬಾರ್ದು."

ಹನ್ನೆರಡು ವರ್ಷದ ಹಿಂದೆ ಇವರು ವಾರ್ಡಿನ ನೆಲ ಒರೆಸುತ್ತಿದ್ದರು. ಒಂದು ದಿನ ಕೈ ಖಾಲಿ ಇದ್ದವರು ಯಾರೂ ಇರಲಿಲ್ಲವೆಂದು ಕೂಸೊಂದನ್ನು ಕೆಳಗೆ ಒಯ್ದು ತಾಯಿಯ ಮಡಿಲಿಗಿಟ್ಟರು. ಗೇಟು ದಾಟಿ ನೂರು ಹೆಜ್ಜೆ ಹೋಗುವಷ್ಟರಲ್ಲಿ ನಾಯಿ ಅಡ್ಡ ಬಂತೆಂದು ಡ್ರೈವರ್ ಬ್ರೇಕ್ ಒತ್ತಿದ. ಮಡಿಲಿನಿಂದ ಹಾರಿದ ಮಗುವಿನ ತಲೆ ಮುಂದಿನ ಸೀಟಿಗೆ ಬಡಿಯಿತು. ಅದೇ ಕಾರು ಹಾಗೇ ತಿರುಗಿ ಬಂತು. ಐದು ದಿನ ಇದ್ದು ಮಗು ಚೇತರಿಸಿಕೊಂಡಿತು. ಬೆಲ್ಟಮ್ಮ ಮಾತ್ರ ಆ ಐದು ದಿನ ನಿದ್ದೆ ಮಾಡಲಿಲ್ಲ. "ತಾಯಿ ತಪ್ಪಲ್ಲ. ತಬ್ಬಿ ಹಿಡ್ದಿದ್ಲು ಪಾಪ. ಪ್ರೀತಿಗೆ ಅಷ್ಟು ಶಕ್ತಿ ಇರಲ್ಲ ಅಂತ ಆವತ್ತು ಗೊತ್ತಾಯ್ತು," ಎನ್ನುತ್ತಾರೆ.

ಆಮೇಲೆ ಯಾರೋ ಬಿಟ್ಟುಹೋದ ಸೀಟು, ಅದರ ಜೊತೆಗಿದ್ದ ಚೀಟಿ, ಅದನ್ನು ಓದಿ ಹೇಳಿದ ನರ್ಸು, ಹೀಗೆ ವಿದ್ಯೆ ಕೈಗೆ ಹತ್ತಿತು. ಮಗುವಿನ ಮುಖ ಕಾರಿನ ಹಿಂಬದಿಗಿರಬೇಕು. ಸೀಟು ಅಲ್ಲಾಡಬಾರದು. ಗದ್ದ ಎದೆಗೆ ಅಂಟಬಾರದು. ಭುಜದ ಪಟ್ಟಿಯ ಕೆಳಗೆ ಒಂದೇ ಒಂದು ಬೆರಳು ತೂರಬೇಕು. ದಪ್ಪ ಬಟ್ಟೆ ಸುತ್ತಿ, ಅದರ ಮೇಲೆ ಪಟ್ಟಿ ಕಟ್ಟುವುದಂತೂ ಕೂಡದು, ಬ್ರೇಕ್ ಬಿದ್ದಾಗ ಬಟ್ಟೆ ಅದುಮಿಕೊಂಡು ಪಟ್ಟಿ ಸಡಿಲವಾಗುತ್ತದೆ. ಅಪಘಾತ ಕಂಡ ಸೀಟು ಸಿಕ್ಕರೆ ಕತ್ತರಿ ತಂದು ಅದರ ಪಟ್ಟಿಗಳನ್ನೇ ಕತ್ತರಿಸಿ ಹಾಕುತ್ತಾರೆ, ಆಸೆಗೆ ಬಿದ್ದು ಇನ್ನೊಬ್ಬರು ಎತ್ತಿಕೊಂಡು ಹೋಗದಿರಲಿ ಎಂದು.

ಮಡಿಲೇ ಸಾಕು ಎಂದು ಹಟ ಹಿಡಿಯುವವರಿಗೆ ಇವರ ಬಳಿ ಬೇರೆ ಮದ್ದಿದೆ. ಮೂರು ಲೀಟರಿನ ನೀರಿನ ಕ್ಯಾನು, ಹೆಚ್ಚುಕಡಿಮೆ ಕೂಸಿನಷ್ಟೇ ತೂಕ. ಅದನ್ನು ಮಡಿಲಲ್ಲಿ ತಬ್ಬಿಕೊಂಡು ಕೂರಬೇಕು. ಪಾರ್ಕಿಂಗಿನೊಳಗೇ ಕಾರು ಮೆಲ್ಲಗೆ ಹೊರಟು ಸಟ್ಟನೆ ಬ್ರೇಕ್ ಹಾಕುತ್ತದೆ. ಹತ್ತರಲ್ಲಿ ಒಂಬತ್ತು ಮಂದಿಯ ಕ್ಯಾನು ಕಾಲಡಿಗೆ ಉರುಳುತ್ತದೆ. ಆಮೇಲೆ ಯಾರೂ ವಾದ ಮಾಡುವುದಿಲ್ಲ.

ನಿನ್ನೆ ಆ ಕ್ಯಾನು ಹಿಡಿದು ಕೂತವರು ಸ್ವತಃ ಬೀಗಿತ್ತಿ. ಮೂವತ್ತು ವರ್ಷ ಕೆಂಪು ಪೆನ್ನು ಹಿಡಿದು ಮಕ್ಕಳ ತಪ್ಪು ತಿದ್ದಿದ ನಿವೃತ್ತ ಶಿಕ್ಷಕಿ. "ನನ್ನ ಮೂರೂ ಮಕ್ಳು ಮಡಿಲಲ್ಲೇ ಮನೆಗೆ ಬಂದಿದ್ದು," ಎಂದು ಹೇಳುತ್ತಲೇ ಕಾರು ಹತ್ತಿದ್ದರಂತೆ. ಕ್ಯಾನು ಮುಂದಿನ ಸೀಟಿಗೆ ಬಡಿದು ಮುಚ್ಚಳ ಹಾರಿ, ಸೀರೆಯೆಲ್ಲ ಒದ್ದೆ. ಕೆಳಗಿಳಿದು, ಚೀಲದಿಂದ ಪುಸ್ತಕ ತೆಗೆದು, "ಒಂದೊಂದಾಗಿ ಹೇಳಿ, ಬರ್ಕೋತೀನಿ," ಎಂದರಂತೆ. ಇದನ್ನು ಹೇಳುವಾಗ ಬೆಲ್ಟಮ್ಮನ ಮುಖದಲ್ಲಿ ಮುಚ್ಚಿಟ್ಟರೂ ನಿಲ್ಲದ ಖುಷಿ. "ಮುಚ್ಚಳ ನಾನೇನೂ ಬೇಕಂತ ಸಡಿಲ ಬಿಟ್ಟಿರ್ಲಿಲ್ಲ," ಎಂದು ನಾನು ಕೇಳದೆಯೇ ಸೇರಿಸುತ್ತಾರೆ.

ಹತ್ತೂವರೆಗೆ ನಾವು ಮೇಲೆ ಹೋಗುತ್ತೇವೆ. ದಾರಿಯಲ್ಲಿ ಆಸ್ಪತ್ರೆಯ ಗೋಡೆ ತುಂಬ ಫೋಟೊಗಳು. ಡಾಕ್ಟರು, ನರ್ಸು, ನಗುವ ಅಪ್ಪ ಅಮ್ಮ. ಬೆಲ್ಟಮ್ಮ ಒಂದು ಫೋಟೊದ ಮುಂದೆ ನಿಂತು ಅಂಚಿನಲ್ಲಿ ಬೆರಳಿಡುತ್ತಾರೆ. "ಈ ಮೊಣಕೈ ಇದ್ಯಲ್ಲ, ನಂದು." ಅಷ್ಟು ವರ್ಷದಲ್ಲಿ ಗೋಡೆ ಹತ್ತಿದ್ದು ಅದೊಂದೇ.

ವಾರ್ಡಿನಲ್ಲಿ ಮಗು ಆಗಲೇ ತಯಾರು. ಮೈಮೇಲೆ ಬೀಗಿತ್ತಿ ಹೊಲಿದು ತಂದ ತೆಳು ಹತ್ತಿಯ ಅಂಗಿ, ತಲೆಗೆ ಅದೇ ಬಟ್ಟೆಯ ಟೋಪಿ. ಬೆಲ್ಟಮ್ಮ ಕಂಕುಳಿನಲ್ಲಿದ್ದ ಒಂದು ಗಂಟು ಬಿಚ್ಚುತ್ತಾರೆ. ಹಳದಿ ಉಣ್ಣೆಯ ಕಂಬಳಿ. ಎರಡು ತಿಂಗಳು, ಒಂದು ಮಗುವನ್ನು ಕಳಿಸಿ ಇನ್ನೊಂದು ಬರುವ ನಡುವಿನ ಬಿಡುವಿನಲ್ಲಿ ಹೆಣೆದದ್ದು, ಬೆರಳು ದಪ್ಪ.

"ಅಮ್ಮಾ, ಸೆಕೆ ಆಗತ್ತೆ. ಅತ್ತೆ ತಂದಿರೋ ಅಂಗೀನೇ ಸಾಕು," ಎನ್ನುತ್ತಾಳೆ ಮಗಳು.

"ಗಾಳಿ ಇದೆ," ಎನ್ನುತ್ತಾರೆ ಅಮ್ಮ. ಹೊರಗೆ ಎಲೆ ಅಲ್ಲಾಡುತ್ತಿರಲಿಲ್ಲ. ಕಂಬಳಿಯನ್ನು ಮೈಗೂ ಕೈಗೂ ಸುತ್ತಿ, ಅಂಗಿಯ ಚೂರೂ ಕಾಣದಂತೆ ಮುಚ್ಚಿ, ಮಗುವನ್ನು ಎತ್ತಿಕೊಂಡು ಮುಂದೆ ನಡೆಯುತ್ತಾರೆ. ಲಿಫ್ಟಿನಲ್ಲಿ ಅಳಿಯ ಹಾಗೂ ಬೀಗಿತ್ತಿ ಒಂದು ಮೂಲೆಯಲ್ಲಿ, ಗಾಲಿಕುರ್ಚಿಯಲ್ಲಿ ಮಗಳು, ನಡುವೆ ಇವರು.

ಏಳನೇ ನಂಬರಿನ ಸೀಟು ಕಾರಿನಲ್ಲಿ ಗಟ್ಟಿಯಾಗಿ ಕೂತಿದೆ. ಮೊಣಕಾಲೂರಿ ಒತ್ತಿ ನೋಡಿದ್ದಾರೆ, ಎರಡು ಸಲ. ಮಗುವನ್ನು ಇಳಿಸುತ್ತಾರೆ. ಟಕ್. ಪೂರ್ತಿ ಸದ್ದು. ಪಟ್ಟಿಯ ಕೆಳಗೆ ಬೆರಳು ತೂರಿಸುತ್ತಾರೆ. ಒಂದೇ ಬೆರಳು. "ಆಯ್ತು. ಹೊರಡಿ," ಎಂದು ಬಾಗಿಲಿಗೆ ಕೈ ಹಾಕುತ್ತಾರೆ. ಅಳಿಯ ಕೀಲಿ ತಿರುಗಿಸುತ್ತಾನೆ.

"ಒಂದ್ನಿಮಿಷ."

ಆ ಕಡೆಯ ಬಾಗಿಲಿನಿಂದ ಬಗ್ಗಿದ ಶಿಕ್ಷಕಿ ಮಗುವಿನ ಎದೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಅದುಮುತ್ತಾರೆ. ಉಣ್ಣೆ ತಗ್ಗುತ್ತದೆ. ಪಟ್ಟಿ ಮೇಲೇ ನಿಲ್ಲುತ್ತದೆ. "ದಪ್ಪ ಬಟ್ಟೆ ಸುತ್ತಿ ಬೆಲ್ಟ್ ಹಾಕ್ಬಾರ್ದು ಅಂತ ನಿನ್ನೆ ನೀವೇ ಬರೆಸಿದ್ರಲ್ಲ. ಇದು ಪರ್ವಾಗಿಲ್ವಾ?"

ಬೆಳಗಿನಿಂದ ಪಕ್ಕದಲ್ಲೇ ನಿಂತು ಎಲ್ಲ ಬರೆದುಕೊಂಡಿದ್ದ ನನ್ನ ಕಣ್ಣಿಗೂ ಅದು ಬಿದ್ದಿರಲಿಲ್ಲ. ಬೆಲ್ಟಮ್ಮನ ಕಿವಿ ಕೆಂಪಾಗುತ್ತದೆ. ಬಕಲ್ ಬಿಚ್ಚಿ ಕಂಬಳಿ ತೆಗೆದು ಮತ್ತೆ ಹಾಕಿ ನೋಡುತ್ತಾರೆ. ಪಟ್ಟಿಯ ಕೆಳಗೆ ಈಗ ಮುಷ್ಟಿಯೇ ತೂರುತ್ತದೆ. ಇಷ್ಟು ವರ್ಷ ಊರಿಗೆಲ್ಲ ಹೇಳಿದ ಮಾತು, ತಮ್ಮ ಮೊಮ್ಮಗಳ ಹೊತ್ತಿಗೆ ಮರೆತೇಹೋಗಿತ್ತು. ಪಟ್ಟಿ ಜಗ್ಗಿ ಬಿಗಿ ಮಾಡಿ, ಬೆರಳು ತೂರಿಸಿ, ಎದುರಿನವರ ಮುಖ ನೋಡದೆಯೇ ಹೇಳುತ್ತಾರೆ, "ನೀವೂ ಒಂದ್ಸಲ ನೋಡಿ." ಬೀಗಿತ್ತಿ ಬೆರಳು ತೂರಿಸಿ ತಲೆಯಾಡಿಸುತ್ತಾರೆ.

ಆಮೇಲೆ ಬೀಗಿತ್ತಿಯೇ ಕಂಬಳಿಯನ್ನು ಎತ್ತಿಕೊಂಡು, ಕಟ್ಟಿದ ಪಟ್ಟಿಯ ಮೇಲಿಂದ ಮಗುವಿನ ಕಾಲಿಗೆ ಹೊದಿಸುತ್ತಾರೆ. "ಮೇಲೆ ಹಾಕಿದ್ರೆ ತೊಂದ್ರೆ ಇಲ್ಲ ಅಂತಾನೂ ಬರೆಸಿದ್ರಿ. ಬಣ್ಣ ಚೆನ್ನಾಗಿದೆ."

ಕಾರು ಗೇಟು ದಾಟಿ ರಸ್ತೆಯ ಹಂಪಿನ ಮೇಲೆ ಮೆತ್ತಗೆ ಹತ್ತಿ ಇಳಿಯುವವರೆಗೆ ಬೆಲ್ಟಮ್ಮ ನೆಲಮಾಳಿಗೆಯ ಬಾಗಿಲಿಗೆ ಬಂದು ನೋಡುತ್ತ ನಿಲ್ಲುತ್ತಾರೆ. "ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ. "ಒಳ್ಳೆಯವ್ರು ಬೇರೆ. ಅದಕ್ಕೇ ಇನ್ನೂ ಉರಿಯೋದು." ಕಿರುಕೋಣೆಯ ಕಡೆ ತಿರುಗುತ್ತ, "ಅವ್ರು ನೋಡ್ದೇ ಇದ್ದಿದ್ರೆ?" ಎಂದು ಕೇಳುತ್ತಾರೆ.

ಮನೆ ಮುಟ್ಟಿದ ಕೂಡಲೇ ಮಿಸ್ಡ್ ಕಾಲ್ ಕೊಡಬೇಕೆಂಬುದು ಇವರು ಎಲ್ಲರಿಗೂ ಹಾಕುವ ಕಟ್ಟಳೆ. ಬೆಳಗ್ಗೆ ಹೋದ ಕಾರುಗಳದ್ದೆಲ್ಲ ಬರುವವರೆಗೆ ಊಟದ ಡಬ್ಬಿ ತೆರೆಯುವುದಿಲ್ಲ. ಇವತ್ತು ನಾಲ್ಕು ಬಂದಿವೆ, ಐದನೆಯದು ಬಾಕಿ. ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಫೋನು ರಿಂಗಾಗುತ್ತದೆ, ನಿಲ್ಲುವುದೇ ಇಲ್ಲ. ಎತ್ತುತ್ತಾರೆ.

"ಬಂದು ಮುಟ್ಟಿದ್ವಿ. ಸೀಟಲ್ಲೇ ನಿದ್ದೆ ಹೋಗಿದಾಳೆ. ಹಾಗೇ ಮಲ್ಗಲಿ ಅಂತ ಬಿಡ್ಲಾ, ಎತ್ಕೊಳ್ಳಾ?" ಬೀಗಿತ್ತಿಯ ಧ್ವನಿ ನನಗೂ ಕೇಳಿಸುತ್ತದೆ.

"ಬಿಡ್ಬೇಡಿ. ಕುತ್ತಿಗೆ ಬಗ್ಗಿದ್ರೆ ಉಸ್ರು ಕಟ್ಟತ್ತೆ. ಈಗ್ಲೇ ಎತ್ಕೊಳ್ಳಿ, ಮೆತ್ತಗೆ, ತಲೆ ಕೆಳಗೆ ಒಂದು ಕೈ. ಹಾಸಿಗೆ ಮೇಲೆ ಅಂಗಾತ ಮಲಗ್ಸಿ."

ಫೋನು ಇಟ್ಟು, ಡಬ್ಬಿಯ ಮುಚ್ಚಳ ತೆಗೆದು, ಒಂದು ತುತ್ತು ಬಾಯಿಗಿಟ್ಟು ಅಗಿಯುತ್ತಾರೆ. ಬೆಳಗಿನಿಂದ ಮೊದಲ ಸಲ ಅವರ ಮುಖ ಸಡಿಲವಾಗುತ್ತದೆ.

"ನೋಡಿದ್ರಾ?" ಎನ್ನುತ್ತಾರೆ. "ಎತ್ಕೊಳ್ಳೋಕೂ ನನ್ನನ್ನೇ ಕೇಳ್ಬೇಕು."